ನಾಯಿ ಬೇಡ, ಬೆಕ್ಕೇ ಸಾಕು ಅನ್ನುವವರು ಕಾರಣ ಹೇಳಿ ಮಾರಾಯ್ರೆ

ಬಿಜೈ ಬಾಲ್ಕನಿ

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಈಗ ನಾಯಿಗಿಂತ ಬೆಕ್ಕು ಸಾಕುವವರೇ ಜಾಸ್ತಿ. ನಾನೂ ಬೆಕ್ಕಿನ ಕಡೆಯವಳೇ, ಮೊದಲೇ ಹೇಳಿಬಿಡುತ್ತೇನೆ. ಆದರೆ ಯಾಕೆ ಬೆಕ್ಕು ಅಂತ ಯಾರನ್ನು ಕೇಳಿದರೂ ಒಂದೇ ಉತ್ತರ: "ರಗಳೆ ಇಲ್ಲ." ಅಷ್ಟೇನಾ? ರಗಳೆ ಬೇಡ ಅಂತಿದ್ದರೆ ಯಾವುದನ್ನೂ ಸಾಕದೆ ಸುಮ್ನೆ ಇರಬಹುದಿತ್ತಲ್ಲ.

ನನ್ನ ಕಾರಣ ಬೇರೆ. ನಾಯಿ ಹೇಳಿದ್ದು ಕೇಳುತ್ತದೆ. ಅದೇ ನನಗೆ ಆಗಿ ಬರುವುದಿಲ್ಲ. ಆಫೀಸಿನಲ್ಲಿ ದಿನವಿಡೀ ಒಬ್ಬರು ನನಗೆ ಹೇಳುತ್ತಾರೆ, ನಾನು ಇನ್ನೊಬ್ಬರಿಗೆ ಹೇಳುತ್ತೇನೆ. ಮನೆಗೆ ಬಂದ ಮೇಲೂ "ಕೂರು, ಬಾ, ಬೇಡ" ಅಂತ ಯಾರಿಗೂ ಹೇಳುವ ಮನಸ್ಸಿಲ್ಲ. ಬೆಕ್ಕನ್ನು ಕರೆದರೆ ಕಿವಿ ಮಾತ್ರ ಈ ಕಡೆ ತಿರುಗುತ್ತದೆ. ಬರಬೇಕು ಅನ್ನಿಸಿದರೆ ಬರುತ್ತದೆ. ಹಾಗೆ ಬಂದು ಪಕ್ಕದಲ್ಲಿ ಕೂತರೆ, ನನ್ನ ಅಪ್ಪಣೆಗೆ ಬಂದದ್ದಲ್ಲ, ತನಗೆ ಬೇಕಾಗಿ ಬಂದದ್ದು ಅಂತ ಗೊತ್ತಿರುತ್ತದೆ. ನನಗೆ ಅದೇ ಹಿಡಿಸುವುದು.

ನಿಮ್ಮ ಕಾರಣ ಎಂತ? ನಾಯಿ ಸಾಕಿದವರೂ ಬನ್ನಿ. ಜಗಳ ಮಾತ್ರ ಬೇಡ.

ಕಾರ್ಕಳ ತೋಟ

ಜಗಳ ಬೇಡ ಅಂದರೆ ಈ ವಿಷಯ ಯಾಕೆ ತೆಗೆದದ್ದು ಅಕ್ಕ?

ನಮ್ಮದು ತೋಟದ ಮನೆ. ಕೂಗಿದರೆ ಪಕ್ಕದ ಮನೆಗೆ ಕೇಳುವುದಿಲ್ಲ. ರಾತ್ರಿ ಯಾರೇ ಬಂದರೂ ಮೊದಲು ಗೊತ್ತಾಗುವುದು ನಾಯಿಗೆ. ಬಂದದ್ದು ಹಾವಾ, ಹಂದಿಯಾ, ಮನುಷ್ಯನಾ ಅಂತ ಅದು ಬೊಗಳುವ ರೀತಿಯಲ್ಲೇ ನಮ್ಮ ಅಮ್ಮ ಹೇಳುತ್ತಾರೆ. ಬೆಕ್ಕು ಎಂತ ಮಾಡುತ್ತದೆ? ಕಳ್ಳ ಬಂದರೆ ಅವನ ಕಾಲಿಗೆ ಮೈ ತಿಕ್ಕುತ್ತದೆ.

ಹಾಗಂತ ನಮ್ಮಲ್ಲಿ ಬೆಕ್ಕು ಇಲ್ಲ ಅಂತಲ್ಲ. ಉಂಟು. ನಾಯಿ ಅಂಗಳಕ್ಕೆ, ಬೆಕ್ಕು ಅಟ್ಟಕ್ಕೆ. ಅಟ್ಟದಲ್ಲಿ ತೆಂಗಿನಕಾಯಿ, ಅಡಿಕೆ, ಬೀಜದ ಭತ್ತ ಇರುವಾಗ ಇಲಿ ಬಾರದೆ ಇರುತ್ತದಾ? ಇಷ್ಟ, ಪ್ರೀತಿ ಅಂತೆಲ್ಲ ನಮ್ಮ ಅಜ್ಜ ಯಾವತ್ತೂ ಮಾತಾಡಿದ್ದಿಲ್ಲ. ಎರಡಕ್ಕೂ ಕೆಲಸ ಇತ್ತು, ಎರಡೂ ಇದ್ದವು.

ಮಲ್ಪೆ ಬೂತಾಯಿ

ಕಳ್ಳನ ಕಾಲಿಗೆ ಮೈ ತಿಕ್ಕುವುದು ಓದಿ ನಕ್ಕು ಸಾಕಾಯ್ತು.

ನಮ್ಮ ಕಡೆ ಬೆಕ್ಕನ್ನು ಯಾರೂ ತರುವುದಿಲ್ಲ, ಅದೇ ಬಂದು ಸೇರಿಕೊಳ್ಳುತ್ತದೆ. ಮೀನು ಕೊಯ್ಯುವ ಜಾಗದಲ್ಲಿ ಕೂತು ಬಂಗುಡೆಯ ತಲೆ ತಿಂದು ಹೋಗುತ್ತದೆ, ಮರುದಿನ ಅದೇ ಹೊತ್ತಿಗೆ ಹಾಜರು. ಒಂದು ವಾರ ಕಳೆದರೆ ಚಾವಡಿಯ ಕುರ್ಚಿ ಅದರದ್ದು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ರಜೆ ಅಲ್ವಾ, ಆಗ ಬಂದರಿನ ಬೆಕ್ಕುಗಳ ಮುಖ ನೋಡಬೇಕು. ನಾಡದೋಣಿಯವರು ತರುವ ಸ್ವಲ್ಪ ಮೀನಿಗೆ ಮನುಷ್ಯರದ್ದೇ ಪೈಪೋಟಿ. ಒಣಮೀನಿನ ಡಬ್ಬಿಯ ಮುಚ್ಚಳ ಗಟ್ಟಿ ಇಲ್ಲದಿದ್ದರೆ ಕತೆ ಮುಗಿಯಿತು.

ಕಂಕನಾಡಿ ಅಕ್ಕ

ನನ್ನ ಕಾರಣ ಮಳೆ. ಬೇರೆ ಏನೂ ಅಲ್ಲ.

ಮಂಗಳೂರಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಅದರಲ್ಲಿ ಮುಕ್ಕಾಲುಪಾಲಿಗಿಂತ ಜಾಸ್ತಿ ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಈಗ ನಾಲ್ಕನೇ ಮಹಡಿಯಿಂದ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ನಾಯಿಯನ್ನು ಕೆಳಗೆ ಕರೆದುಕೊಂಡು ಹೋಗಿ ನೋಡಿ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಬೆಲ್ಟು. ರಸ್ತೆ ಯಾವುದು, ಚರಂಡಿ ಯಾವುದು ಗೊತ್ತಾಗುವುದಿಲ್ಲ. ವಾಪಸ್ ಬಂದು ಎಷ್ಟು ಒರೆಸಿದರೂ ಮನೆಯೆಲ್ಲ ವಾಸನೆ. ಬಟ್ಟೆಯೇ ಒಣಗದ ಊರಿನಲ್ಲಿ ನಾಯಿ ಎಲ್ಲಿ ಒಣಗಬೇಕು? ಕಿವಿಯೊಳಗೆ ಸೋಂಕು, ಬೆರಳಿನ ಸಂದಿಯಲ್ಲಿ ಫಂಗಸ್, ಜೊತೆಗೆ ಉಣ್ಣಿ.

ನಮ್ಮಲ್ಲಿ ಲ್ಯಾಬ್ರಡಾರ್ ಇತ್ತು. ಅದು ತೀರಿಹೋದ ಮೇಲೆ ಪುನಃ ನಾಯಿ ತರುವ ಧೈರ್ಯ ಬರಲಿಲ್ಲ. ಅತ್ತೆಗೆ ಮೊಣಕಾಲು ನೋವು, ನಾನು ಕೆಲಸಕ್ಕೆ ಹೋಗುವವಳು, ಮಗ ಬೆಂಗಳೂರಿನಲ್ಲಿ. ಬೆಕ್ಕಿಗೆ ಒಂದು ಟ್ರೇಯಲ್ಲಿ ಹೊಯ್ಗೆ, ಅಂದರೆ ಮರಳು, ಇಟ್ಟರೆ ಆಯ್ತು. ಹೊಯ್ಗೆ ಅಗೆದು ಮುಚ್ಚುವ ಬುದ್ಧಿ ಅದಕ್ಕೆ ಹುಟ್ಟಿನಿಂದಲೇ ಉಂಟು, ಕಲಿಸಬೇಕು ಅಂತಿಲ್ಲ. ಮಳೆಗಾಲದಲ್ಲಿ ಒಣ ಹೊಯ್ಗೆ ಸಿಗುವುದಿಲ್ಲ, ಆಗ ಅಂಗಡಿಯಿಂದ ಲಿಟ್ಟರ್ ತರಬೇಕು. ಅದು ದುಬಾರಿಯೇ.

ಆದರೆ ಲ್ಯಾಬ್ರಡಾರ್ ನೆನಪಾಗುತ್ತದೆ ಮಾರಾಯ್ರೆ. ಬಾಗಿಲು ತೆಗೆದ ಕೂಡಲೇ ಮೈಮೇಲೆ ಬೀಳುತ್ತಿತ್ತು. ಈ ಮಹಾರಾಣಿ ಅರ್ಧ ಕಣ್ಣು ತೆರೆದು ನೋಡಿ ಪುನಃ ಮಲಗುತ್ತಾಳೆ.

ಕುಂದಾಪ್ರ ಹೈದ

ಯಕ್ಷಗಾನದ ಹುಚ್ಚು ಇರುವವರಿಗೆ ಬೆಕ್ಕೇ ಸರಿ. ಮೇಳಗಳ ತಿರುಗಾಟ ಶುರುವಾದರೆ ಮಳೆ ಬರುವ ತನಕ ನಮಗೆ ರಾತ್ರಿ ನಿದ್ದೆ ಇಲ್ಲ. ಆಟ ಮುಗಿಸಿ ಬೆಳಗಿನ ಜಾವ ಮನೆಗೆ ಬಂದರೆ ನಾಯಿ ಉಚ್ಚೆ ತಡೆದುಕೊಂಡು ಬಾಗಿಲಲ್ಲೇ ಕೂತಿರುತ್ತದೆ, ಪಾಪ. ಬೆಕ್ಕು ನಾವು ಹೋದದ್ದನ್ನೂ ನೋಡಿರುವುದಿಲ್ಲ, ಬಂದದ್ದನ್ನೂ ನೋಡುವುದಿಲ್ಲ.

ಕಂಕನಾಡಿ ಅಕ್ಕ

ನಿಮ್ಮ ಬೆಕ್ಕು ಒಳ್ಳೆಯದು ತಮ್ಮ. ನಮ್ಮದು ಬೆಳಗ್ಗೆ ನಾಲ್ಕೂವರೆಗೆ ಎದೆಯ ಮೇಲೆ ಹತ್ತಿ ಕೂಗುತ್ತದೆ.

ಮಣಿಪಾಲ ಲೈಬ್ರರಿ

ಆ ಹೊತ್ತು ಅದರ ಬೇಟೆಯ ಹೊತ್ತು. ಮುಂಜಾನೆ ಮತ್ತು ಮುಸ್ಸಂಜೆಗೆ ಬೆಕ್ಕು ಚುರುಕಾಗುತ್ತದೆ, ಉಳಿದಂತೆ ದಿನದಲ್ಲಿ ಹನ್ನೆರಡು ಗಂಟೆಗೂ ಜಾಸ್ತಿ ನಿದ್ದೆ. ಮಲಗುವ ಮೊದಲು ಚೆನ್ನಾಗಿ ಆಟ ಆಡಿಸಿ ಊಟ ಹಾಕಿದರೆ ಸ್ವಲ್ಪ ತಡವಾಗಿ ಎಬ್ಬಿಸುತ್ತದೆ.

"ಮಹಾರಾಣಿ ಅರ್ಧ ಕಣ್ಣು ತೆರೆದು ನೋಡುತ್ತಾಳೆ" ಅಂದಿರಲ್ಲ ಅಕ್ಕ, ಅದು ಸಣ್ಣ ವಿಷಯ ಅಲ್ಲ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಇದನ್ನೇ ಪರೀಕ್ಷೆ ಮಾಡಿದ್ದಾರೆ. ಮನುಷ್ಯರು ನಿಧಾನವಾಗಿ ಕಣ್ಣು ಮುಚ್ಚಿ ತೆರೆದರೆ ಬೆಕ್ಕೂ ಹಾಗೆಯೇ ಮಾಡುತ್ತದೆ. ಪರಿಚಯ ಇಲ್ಲದವರು ಹೀಗೆ ಮಾಡಿ ಕೈ ಚಾಚಿದರೂ ಹತ್ತಿರ ಬರುವುದು ಜಾಸ್ತಿಯಾಗಿತ್ತು. ಇವತ್ತು ಸಂಜೆ ಮಾಡಿ ನೋಡಿ.

ಹೆಸರು ಕರೆದರೆ ಬಾರದ್ದು ಗೊತ್ತಾಗದೆ ಅಲ್ಲ. ಜಪಾನಿನ ಸಂಶೋಧಕರು 2019ರಲ್ಲಿ ತೋರಿಸಿದ ಹಾಗೆ, ಅದೇ ಧಾಟಿಯ ಬೇರೆ ಶಬ್ದಗಳ ನಡುವೆ ತನ್ನ ಹೆಸರನ್ನು ಬೆಕ್ಕು ಗುರುತಿಸುತ್ತದೆ. ಅದೇ ವರ್ಷ ಅಮೆರಿಕದ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದವರು ಮರಿಗಳನ್ನು ಹೊಸ ಕೋಣೆಯಲ್ಲಿ ಸ್ವಲ್ಪ ಹೊತ್ತು ಒಂಟಿಯಾಗಿ ಬಿಟ್ಟು, ಆಮೇಲೆ ಸಾಕಿದವರನ್ನು ಒಳಗೆ ಕಳಿಸಿದರು. ಮೂರರಲ್ಲಿ ಎರಡರಷ್ಟು ಮರಿಗಳು ಅವರನ್ನು ಕಂಡು ಸಮಾಧಾನವಾಗಿ, ಪುನಃ ಕೋಣೆ ಸುತ್ತುವುದಕ್ಕೆ ಹೊರಟವು. ಮನುಷ್ಯರ ಶಿಶುಗಳಲ್ಲೂ ಪ್ರಮಾಣ ಹೆಚ್ಚುಕಡಿಮೆ ಇಷ್ಟೇ. ಹಾಗಾಗಿ ಬೆಕ್ಕಿಗೆ ಮನೆ ಮಾತ್ರ ಬೇಕು, ಮನುಷ್ಯ ಬೇಡ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಇನ್ನು ಕಾರ್ಕಳದವರ ಅಟ್ಟದ ಲೆಕ್ಕ. ಚರಿತ್ರೆಯೂ ಅದೇ. ನಾಯಿ ಕಡಿಮೆಯೆಂದರೆ 15,000 ವರ್ಷಗಳಿಂದ ಬೇಟೆಗಾರರ ಜೊತೆ ಇದೆ. ಬೆಕ್ಕು ಹತ್ತಿರ ಬಂದದ್ದು ನಾವು ಧಾನ್ಯ ಬೆಳೆದು ಕೂಡಿಡಲು ಶುರುಮಾಡಿದ ಮೇಲೆ, ಇಲಿಯ ಹಿಂದೆ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಳೆಯ ಗೋರಿಯಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕಿನ ಅಸ್ಥಿ ಸಿಕ್ಕಿದೆ. ನಾಯಿಯನ್ನು ಕಾವಲಿಗೆ, ಬೇಟೆಗೆ, ಕುರಿ ಕಾಯುವುದಕ್ಕೆ ಅಂತ ನಾವು ತಲೆತಲಾಂತರ ತಿದ್ದಿದ್ದೇವೆ. ಬೆಕ್ಕನ್ನು ತಿದ್ದುವ ಅಗತ್ಯ ಬರಲಿಲ್ಲ. ಇಲಿ ಹಿಡಿಯುವುದು ಅದಕ್ಕೆ ಮೊದಲೇ ಗೊತ್ತಿತ್ತಲ್ಲ.

ಬಿಜೈ ಬಾಲ್ಕನಿ

ಇದು ಬೇಕಿತ್ತು ನೋಡಿ! ತಿದ್ದದೆ ಉಳಿದ ಪ್ರಾಣಿ ನಮ್ಮ ಸೋಫಾದಲ್ಲಿ ಮಲಗಿರುವುದು ನನಗೆ ಸೋಜಿಗ.

ಕಾರ್ಕಳ ತೋಟ

ತಿದ್ದದೆ ಉಳಿದದ್ದರ ಕಷ್ಟ ನಮ್ಮನ್ನು ಕೇಳಿ. ಇಲಿ ಹಿಡಿದು ಅಲ್ಲಿಗೇ ಬಿಟ್ಟರೆ ಸರಿ. ಓತಿ, ಹಕ್ಕಿಮರಿ, ಕೇರೆ ಮರಿ, ಎಲ್ಲವನ್ನೂ ಬಾಯಲ್ಲಿ ಕಚ್ಚಿಕೊಂಡು ಒಳಗೆ ತರುತ್ತದೆ. ಅರ್ಧ ಜೀವ ಇರುವುದನ್ನು ಅಡಿಗೆ ಮನೆಯಲ್ಲಿ ಬಿಟ್ಟು ನಮ್ಮ ಮುಖ ನೋಡುತ್ತದೆ. ಒಮ್ಮೆ ನಾಗರ ಮರಿ ಕೊಂದು ಜಗಲಿಯಲ್ಲಿ ಇಟ್ಟಿತು. ಬೇರೆ ಊರಿನವರಾದರೆ ಎತ್ತಿ ಬಿಸಾಡುತ್ತಿದ್ದರು. ನಮ್ಮಲ್ಲಿ ಹಾಗೆ ಆಗುತ್ತದಾ? ಅಮ್ಮನಿಗೆ ಮಂಡೆಬಿಸಿ. ಪುರೋಹಿತರನ್ನು ಕರೆಸಿ ಸಂಸ್ಕಾರ ಮಾಡಿಸಬೇಕಾಯ್ತು. ಕೊಂದದ್ದು ಬೆಕ್ಕು, ಖರ್ಚು ಅಪ್ಪನದ್ದು.

ಮತ್ತೆ ಹಂಚು. ಹೆಂಚಿನ ಮಾಡಿನ ಮೇಲೆ ಎರಡು ಗಂಡು ಬೆಕ್ಕುಗಳು ಜಗಳ ಮಾಡಿದರೆ ಹಂಚು ಜಾರುತ್ತದೆ. ಅದು ಗೊತ್ತಾಗುವುದು ಜೂನ್‌ನಲ್ಲಿ, ಹಾಸಿಗೆಯ ಮೇಲೆ ನೀರು ಬಿದ್ದಾಗ.

ನಾಯಿಗೆ ನಮ್ಮಲ್ಲಿರುವ ದೊಡ್ಡ ಭಯ ಚಿರತೆ. ಕಟ್ಟಿ ಹಾಕಿದ ನಾಯಿ ಓಡಲಾರದು. ಕತ್ತಲಾದ ಮೇಲೆ ಗೂಡಿನೊಳಗೆ ಬಿಟ್ಟು ಚಿಲಕ ಹಾಕುತ್ತೇವೆ. ಕೆಲವರು ಅಂಗಳದಲ್ಲೇ ಸರಪಳಿ ಹಾಕಿ ಬಿಡುತ್ತಾರೆ, ದಯವಿಟ್ಟು ಹಾಗೆ ಮಾಡಬೇಡಿ.

ಉಳ್ಳಾಲ ಗಾಳಿ

ನಮ್ಮ ಮನೆಯ ಕಾರಣ ಇಲ್ಲಿ ಯಾರೂ ಹೇಳಿಲ್ಲ. ನಾವು ಬ್ಯಾರಿಗಳು, ಅಂದರೆ ಕರಾವಳಿಯ ಮುಸ್ಲಿಮರು, ಶಾಫಿ ಪದ್ಧತಿಯವರು. ನಾಯಿಯ ಜೊಲ್ಲು ತಾಗಿದ ಪಾತ್ರೆಯನ್ನು ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣು ಹಾಕಿ. ಐದು ಹೊತ್ತು ನಮಾಜು ಮಾಡುವ ಮನೆಯೊಳಗೆ ನಾಯಿ ಓಡಾಡಿದರೆ ಬಟ್ಟೆ, ಚಾಪೆ ಎಲ್ಲದರ ಶುದ್ಧ ನೋಡಿಕೊಳ್ಳುವುದು ಕಷ್ಟ. ಬೆಕ್ಕಿಗೆ ಆ ತೊಡಕಿಲ್ಲ. ಅದು ಬಾಯಿ ಹಾಕಿದ ನೀರು ಅಶುದ್ಧವಲ್ಲ ಅಂತ ಹದೀಸಿನಲ್ಲೇ ಇದೆ, ಮನೆಯಲ್ಲಿ ನಿಮ್ಮ ಸುತ್ತ ಓಡಾಡುವ ಜೀವ ಅಂತ.

ನಾಯಿಯನ್ನು ದ್ವೇಷಿಸಬೇಕು ಅಂತ ಇದರ ಅರ್ಥ ಅಲ್ಲ. ಕಾವಲಿಗೆ ಸಾಕಬಹುದು. ಬಾಯಾರಿದ ನಾಯಿಗೆ ನೀರು ಕೊಟ್ಟವರ ಪಾಪ ಕ್ಷಮಿಸಿದ ಕತೆಯೂ ನಮ್ಮಲ್ಲಿ ಇದೆ. ಆದರೆ ಹಾಸಿಗೆಯ ಮೇಲೆ ಮಲಗುವುದು ಬೆಕ್ಕು ಮಾತ್ರ. ನಮ್ಮ ಉಮ್ಮ ತಟ್ಟೆಗೆ ಮೀನು ಹಾಕುವ ಮೊದಲು ಅದಕ್ಕೆ ಹಾಕುತ್ತಾರೆ.

ಕುಂದಾಪ್ರ ಹೈದ

ನಮ್ಮ ಅಜ್ಜಿಯ ಮನೆಯಲ್ಲಿ ಮಡಿ ಜೋರು, ಅಲ್ಲೂ ಹೀಗೆಯೇ. ನಾಯಿ ಜಗಲಿ ಹತ್ತುವಂತಿಲ್ಲ. ಬೆಕ್ಕು ದೇವರ ಕೋಣೆ ಬಿಟ್ಟು ಎಲ್ಲ ಕಡೆ. ಮಳೆಗಾಲದಲ್ಲಿ ಬಚ್ಚಲೊಲೆಯ ಬಿಸಿ ಬೂದಿಯಲ್ಲಿ ಮಲಗಿ, ಬೆಳಗ್ಗೆ ಬೂದುಬಣ್ಣವಾಗಿ ಹೊರಗೆ ಬರುತ್ತದೆ. ಬೆಂಕಿ ಹಾಕುವ ಮೊದಲು ಒಲೆಯೊಳಗೆ ಇಣುಕಿ ನೋಡುವುದು ಅಜ್ಜಿಯ ಕೆಲಸ.

ಔಷಧಿ ಡಬ್ಬಿ

ಪಶು ಚಿಕಿತ್ಸಾಲಯದಲ್ಲಿ ಕೆಲಸ ಮಾಡುವವನು ನಾನು. ಯಾವುದು ಇಷ್ಟ ಅನ್ನುವುದು ನಿಮ್ಮಿಷ್ಟ. "ಬೆಕ್ಕಿಗೆ ರಗಳೆ ಇಲ್ಲ" ಅನ್ನುವ ಮಾತಿಗೆ ಮಾತ್ರ ನನ್ನ ತಕರಾರು.

ಬೆಕ್ಕು ಕಾಯಿಲೆ ಮುಚ್ಚಿಡುವ ಪ್ರಾಣಿ. ನಾಯಿ ಕುಂಟುತ್ತದೆ, ಕುಂಯ್‌ಗುಡುತ್ತದೆ. ಬೆಕ್ಕು ಮಂಚದಡಿ ಸೇರಿ ಸುಮ್ಮನಾಗುತ್ತದೆ. ಮನೆಯವರು "ಅದರ ಸ್ವಭಾವವೇ ಹಾಗೆ" ಅಂತ ಬಿಡುತ್ತಾರೆ. ನಮ್ಮ ಹತ್ತಿರ ತರುವಾಗ ತಡವಾಗಿರುತ್ತದೆ. ಊಟ ಬಿಟ್ಟು ಒಂದು ದಿನ ಕಳೆದರೆ ತೋರಿಸಿ. ಗಂಡು ಬೆಕ್ಕು ಟ್ರೇಯಲ್ಲಿ ಮತ್ತೆ ಮತ್ತೆ ಕೂತರೂ ಮೂತ್ರ ಬರುತ್ತಿಲ್ಲ ಅಂದರೆ ಬೆಳಗಾಗುವ ತನಕ ಕಾಯಬೇಡಿ, ಜೀವಕ್ಕೇ ಅಪಾಯ.

ಮೈ ಬಿಸಿ ಇದೆ ಅಂತ ಪ್ಯಾರಾಸಿಟಮಾಲ್ ಕೊಡುವವರಿದ್ದಾರೆ. ಅದು ಬೆಕ್ಕಿಗೆ ವಿಷ. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರ್‌ಗೆ ಇಲ್ಲ, ಒಂದು ಮಾತ್ರೆಗೇ ಸಾಯಬಹುದು. ಹಾಗೆಯೇ ಪರ್ಮೆಥ್ರಿನ್ ಇರುವ ನಾಯಿಯ ಉಣ್ಣಿ ಔಷಧಿ. ಎರಡನ್ನೂ ಸಾಕಿದ ಮನೆಯಲ್ಲಿ ಉಳಿದದ್ದನ್ನು ಬೆಕ್ಕಿಗೂ ಹಚ್ಚುತ್ತಾರೆ, ಅದು ನಡುಗಿ ಫಿಟ್ಸ್ ಬಂದು ಬೀಳುತ್ತದೆ.

ಹಾಲಿನ ವಿಷಯ. ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಜೀರ್ಣವಾಗುವುದಿಲ್ಲ, ಭೇದಿ ಆಗುತ್ತದೆ. ತೆನಾಲಿ ರಾಮನ ಬೆಕ್ಕು ಹಾಲು ಕಂಡು ಓಡಿದ್ದು ಅದರ ಹೊಟ್ಟೆಗೆ ಒಳ್ಳೆಯದೇ ಆಯ್ತು.

ಮತ್ತೆ ರೇಬಿಸ್. ನಾಯಿಯಿಂದಲೇ ಜಾಸ್ತಿ ಬರುವುದು ನಿಜ, ಆದರೆ ಬೆಕ್ಕಿನಿಂದಲೂ ಬರುತ್ತದೆ. ನಿಮ್ಮ ಬೆಕ್ಕಿಗೆ ಲಸಿಕೆ ಹಾಕಿಸಿ. ಹೊರಗಿನ ಬೆಕ್ಕು ಕಚ್ಚಿದರೆ, ರಕ್ತ ಬರುವ ಹಾಗೆ ಪರಚಿದರೆ ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ಅರಿಶಿನ ಹಚ್ಚಿ ಕೂರಬೇಡಿ.

ಮಲ್ಪೆ ಬೂತಾಯಿ

ಬೆಕ್ಕು ಇದ್ದ ಮನೆಗೆ ಇಲಿ ಜ್ವರ ಬರುವುದಿಲ್ಲ ಅನ್ನುತ್ತಾರಲ್ಲ, ಅದು ಹೌದಾ?

ಔಷಧಿ ಡಬ್ಬಿ

ಅದನ್ನು ನಂಬಿ ಕೂರಬೇಡಿ. ಇಲಿ ಜ್ವರ ಹರಡುವುದು ಇಲಿಯ ಮೂತ್ರ ಸೇರಿದ ನೀರಿನಿಂದ, ಕೆಸರಿನಿಂದ. ನಿಮ್ಮ ಅಟ್ಟದಲ್ಲಿ ಇಲಿ ಕಡಿಮೆಯಾಗಬಹುದು, ಗದ್ದೆಯಲ್ಲಿ ಆಗುವುದಿಲ್ಲ. ಕಾಲಿಗೆ ಗಾಯ ಇದ್ದರೆ ಮಳೆನೀರಿಗೆ ಬರಿಗಾಲಲ್ಲಿ ಇಳಿಯಬೇಡಿ. ನಾಯಿಗೂ ಈ ಜ್ವರ ಬರುತ್ತದೆ. ಅದಕ್ಕೆ ಲಸಿಕೆ ಉಂಟು, ವರ್ಷ ವರ್ಷ ಹಾಕಿಸಬೇಕು.

ಕೊಡಿಯಾಲಬೈಲು ಶೀನು

ನನಗೆ ಎರಡೂ ಇಷ್ಟ, ಆದರೆ ಬೆಕ್ಕು ಬಂದರೆ ಸೀನು ಶುರು. ಎಲ್ಲರೂ ಕೂದಲು ಅನ್ನುತ್ತಾರೆ, ಡಾಕ್ಟರು ಹೇಳಿದ್ದು ಬೆಕ್ಕಿನ ಜೊಲ್ಲು ಮತ್ತು ಚರ್ಮದಲ್ಲಿರುವ ಒಂದು ಪ್ರೋಟೀನ್ ಕಾರಣ ಅಂತ. ನೆಕ್ಕಿ ನೆಕ್ಕಿ ಮೈಗೆಲ್ಲ ಹಚ್ಚಿಕೊಳ್ಳುತ್ತದಲ್ಲ. ಹಾಗಾಗಿ ನಾಯಿ ಸಾಕೋಣ ಅಂದರೆ ನಮ್ಮ ಅಸೋಸಿಯೇಶನ್‌ನವರು ಬಿಡುವುದಿಲ್ಲ. ಬೆಕ್ಕಿಗೆ ಮಾತ್ರ ಯಾರದ್ದೂ ಆಕ್ಷೇಪ ಇಲ್ಲ.

ಬಿಜೈ ಬಾಲ್ಕನಿ

ಅಸೋಸಿಯೇಶನ್ ಹಾಗೆ ನಿಷೇಧ ಮಾಡುವಂತಿಲ್ಲ ಶೀನಣ್ಣ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಉಂಟು. ಬಹುಮತದ ನಿರ್ಣಯ ಮಾಡಿದರೂ ಸಾಕುನಾಯಿ ಇಡಬಾರದು ಅನ್ನುವಂತಿಲ್ಲ ಅಂತ ಅದರಲ್ಲಿದೆ. ಪ್ರತಿ ತೆಗೆದು ಮುಂದಿನ ಮೀಟಿಂಗಿನಲ್ಲಿ ಇಡಿ. ನಾಯಿ ಮಾಡಿದ ಹೊಲಸು ತೆಗೆಯುವ ಜವಾಬ್ದಾರಿ ನಿಮ್ಮದೇ, ಅಷ್ಟೇ.

ಮರಿ ಬುಟ್ಟಿ

ಎಲ್ಲ ಓದಿದೆ. ಸಿಟ್ಟು ಬಂದಿದೆ, ಸ್ವಲ್ಪ ಒರಟಾಗಿಯೇ ಬರೆಯುತ್ತೇನೆ.

ಮಳೆಗೆ ಹೊರಗೆ ಹೋಗಬೇಕಿಲ್ಲ, ಆಟಕ್ಕೆ ಹೋದರೂ ತೊಂದರೆ ಇಲ್ಲ, ಅಸೋಸಿಯೇಶನ್ ಕೇಳುವುದಿಲ್ಲ. ಇವೆಲ್ಲ ನಿಮಗೆ ಏನು ಬೇಡ ಅನ್ನುವುದರ ಪಟ್ಟಿ. ಬೆಕ್ಕು ಯಾಕೆ ಬೇಕು ಅಂತ ಹೇಳಿದವರು ಎಷ್ಟು ಜನ? ಅನುಕೂಲಕ್ಕೆ ತಂದದ್ದನ್ನು ಅನನುಕೂಲ ಆದ ದಿನ ಬಿಡುತ್ತಾರೆ. ನಾನು ನೋಡುವುದು ಅದನ್ನೇ. ಮೀನು ಮಾರ್ಕೆಟಿನ ಹಿಂದೆ ರಟ್ಟಿನ ಡಬ್ಬದಲ್ಲಿ ಕಣ್ಣು ಬಿಡದ ಮರಿಗಳು. "ಅಲ್ಲಿ ಮೀನು ಸಿಗುತ್ತದೆ, ಬದುಕುತ್ತವೆ" ಅಂತ ಬಿಟ್ಟವರ ಸಮಾಧಾನ. ಕಣ್ಣು ಬಿಡದ ಮರಿ ಮೀನು ತಿನ್ನುತ್ತದಾ? ಅದಕ್ಕೆ ಎರಡು ಮೂರು ಗಂಟೆಗೊಮ್ಮೆ ಬಾಟಲಿಯಲ್ಲಿ ಕುಡಿಸಬೇಕು, ಮೈ ಬೆಚ್ಚಗಿಡಬೇಕು, ಒದ್ದೆ ಬಟ್ಟೆಯಲ್ಲಿ ಒರೆಸಿ ಮೂತ್ರ ಮಾಡಿಸಬೇಕು. ಅಷ್ಟು ಮಾಡಿದರೂ ಕೆಲವು ಉಳಿಯುವುದಿಲ್ಲ.

ನಾಯಿಯನ್ನು ಬೀದಿಗೆ ಬಿಟ್ಟರೆ ನಾಲ್ಕು ಜನ ಕೇಳುತ್ತಾರೆ. ಬೆಕ್ಕನ್ನು ಬಿಟ್ಟರೆ ಯಾರೂ ಕೇಳುವುದಿಲ್ಲ. "ಬೆಕ್ಕಲ್ವಾ, ಹೇಗಾದರೂ ಬದುಕುತ್ತದೆ." ಸ್ವತಂತ್ರ ಪ್ರಾಣಿ ಅಂತ ಹೊಗಳುವುದರ ಇನ್ನೊಂದು ಮುಖ ಇದು. ಹೆಣ್ಣು ಮರಿ ನಾಲ್ಕೈದು ತಿಂಗಳಿಗೇ ಗಬ್ಬ ಆಗಬಹುದು, ಎರಡು ತಿಂಗಳಲ್ಲಿ ಮರಿ ಹಾಕುತ್ತದೆ. ಆಪರೇಷನ್ ಮಾಡಿಸದವರು ಬೆಕ್ಕುಪ್ರೇಮಿ ಅಂತ ನನ್ನ ಹತ್ತಿರ ಹೇಳಬೇಡಿ.

ಬಿಜೈ ಬಾಲ್ಕನಿ

ಒರಟು ಏನೂ ಇಲ್ಲ ಅಕ್ಕ, ಸರಿಯಾಗಿಯೇ ಹೇಳಿದ್ದೀರಿ. ಆದರೆ ಒಂದು ಮಾತು. ಕಂಕನಾಡಿ ಅಕ್ಕ ಮಳೆಯ ಲೆಕ್ಕ ಹಾಕಿ ನಾಯಿ ತರಲಿಲ್ಲ. ಅದು ಅನುಕೂಲವೂ ಹೌದು, ನಾಯಿಯ ಮೇಲಿನ ಕರುಣೆಯೂ ಹೌದು ಅಲ್ವಾ? ನಡೆಸಲು ಆಗದವರು ನಾಯಿ ತಂದು ಬಾಲ್ಕನಿಯಲ್ಲಿ ಕಟ್ಟಿ ಹಾಕುವುದಕ್ಕಿಂತ ಇದು ವಾಸಿ.

ಮರಿ ಬುಟ್ಟಿ

ಅದನ್ನು ಒಪ್ಪುತ್ತೇನೆ. ನನ್ನ ಸಿಟ್ಟು ಅವರ ಮೇಲಲ್ಲ.

ರಥಬೀದಿ ರಾಯರು

ನಡುವೆ ಬಂದದ್ದಕ್ಕೆ ಕ್ಷಮಿಸಿ. ಉಡುಪಿಯಲ್ಲಿ ನಮ್ಮದು ಸಸ್ಯಾಹಾರಿ ಮನೆ. ಮಗಳಿಗೆ ಬೆಕ್ಕು ಬೇಕಂತೆ. ಹಾಲು ಅನ್ನ, ಮೊಸರನ್ನ ಹಾಕಿದರೆ ಸಾಲದೇ? ನಮ್ಮ ಹಳೆ ಮನೆಯ ಬೆಕ್ಕುಗಳು ಅದನ್ನೇ ತಿಂದು ಬೆಳೆದವು.

ಮಲ್ಪೆ ಬೂತಾಯಿ

ರಾಯರೇ, ಅವು ನಿಮ್ಮಲ್ಲಿ ಮೊಸರನ್ನ ತಿಂದು ಮಧ್ಯಾಹ್ನದ ಊಟಕ್ಕೆ ನಮ್ಮಂಥವರ ಮನೆಗೆ ಬರುತ್ತಿದ್ದವು.

ಔಷಧಿ ಡಬ್ಬಿ

ಇದು ತಮಾಷೆ ಅಲ್ಲ, ನಿಜ. ಹಳೆ ಮನೆಯ ಬೆಕ್ಕು ಹೊರಗೆ ಇಲಿ, ಓತಿ ತಿಂದು ಸರಿಮಾಡಿಕೊಳ್ಳುತ್ತಿತ್ತು. ಫ್ಲ್ಯಾಟಿನೊಳಗಿನ ಬೆಕ್ಕಿಗೆ ಆ ದಾರಿ ಇಲ್ಲ. ಬೆಕ್ಕಿಗೆ ಟಾರಿನ್ ಅನ್ನುವ ಅಂಶ ಬೇಕೇ ಬೇಕು, ಅದು ಇರುವುದು ಮಾಂಸ, ಮೀನಿನಲ್ಲಿ. ಅದು ಸಿಗದಿದ್ದರೆ ಕಣ್ಣು ಹೋಗುತ್ತದೆ, ಹೃದಯ ಕೆಡುತ್ತದೆ. ನಾಯಿ ಹಾಗಲ್ಲ, ಅನ್ನ, ಬೇಳೆ, ತರಕಾರಿ, ಮೊಟ್ಟೆಯಲ್ಲಿ ಸಂಭಾಳಿಸಬಹುದು. ಸಸ್ಯಾಹಾರಿ ಮನೆಗೆ ಲೆಕ್ಕದಲ್ಲಿ ನಾಯಿಯೇ ಸರಿ. ಬೆಕ್ಕೇ ಬೇಕು ಅಂದರೆ ಪ್ಯಾಕೆಟಿನ ಬೆಕ್ಕಿನ ಆಹಾರ ತನ್ನಿ, ಒಣ ಕಾಳಿನ ಹಾಗೆ ಇರುತ್ತದೆ. ಬೆಕ್ಕಿನದ್ದೇ ಆಗಬೇಕು, ನಾಯಿಯದ್ದು ತರಬೇಡಿ. ಮನೆಯವರಿಗೆ ಅದು ಒಪ್ಪಿಗೆಯಾ ಕೇಳಿ.

ರಥಬೀದಿ ರಾಯರು

ಮನೆಯವಳನ್ನು ಕೇಳಿದೆ. ಬೇರೆ ತಟ್ಟೆ, ಬೇರೆ ಜಾಗ, ಅಡಿಗೆ ಮನೆಯ ಹೊರಗೆ ಅಂತಾದರೆ ಪ್ಯಾಕೆಟ್ ಆಗಬಹುದು ಅಂದಳು. ಮಗಳು ಕುಣಿಯುತ್ತಿದ್ದಾಳೆ. ಮರಿ ಎಲ್ಲಿ ಸಿಗುತ್ತದೆ? ದುಡ್ಡು ಕೊಟ್ಟು ತರುವ ಪರ್ಷಿಯನ್ ಬೇಡ.

ಮರಿ ಬುಟ್ಟಿ

ಪರ್ಷಿಯನ್ ಬೇಡ ಅಂದದ್ದು ಒಳ್ಳೆಯದಾಯ್ತು, ಆ ಕೂದಲಿಗೆ ನಮ್ಮ ಸೆಕೆ ಆಗುವುದಿಲ್ಲ. ನನ್ನ ಹತ್ತಿರ ಊರಿನ ಮರಿಗಳು ಮೂರು ಇವೆ. ಎರಡು ತಿಂಗಳು ತುಂಬಿದೆ, ಟ್ರೇ ಅಭ್ಯಾಸ ಆಗಿದೆ. ನೀವು ಎಷ್ಟನೇ ಮಹಡಿ?

ರಥಬೀದಿ ರಾಯರು

ಮೂರನೆಯದು.

ಮರಿ ಬುಟ್ಟಿ

ಹಾಗಾದರೆ ಮೊದಲು ಬಾಲ್ಕನಿಗೆ, ಕಿಟಕಿಗೆ ಬಲೆ ಹಾಕಿಸಿ. ಪಾರಿವಾಳದ ಹಿಂದೆ ಹಾರಿ ಬೀಳುವುದು ಮರಿಗಳೇ. ಆಪರೇಷನ್ ಮಾಡಿಸುತ್ತೇವೆ ಅಂತ ಬರೆದುಕೊಡಬೇಕು. ಹಗಲು ಮನೆಯಲ್ಲಿ ಯಾರೂ ಇರದಿದ್ದರೆ ಎರಡು ಮರಿ ಒಟ್ಟಿಗೆ ತೆಗೆದುಕೊಳ್ಳಿ, ಒಂದಕ್ಕೊಂದು ಜೊತೆ.

ರಥಬೀದಿ ರಾಯರು

ಎರಡಾ? ಮನೆಯವಳನ್ನು ಪುನಃ ಕೇಳಬೇಕು.

ಕುಂದಾಪ್ರ ಹೈದ

ರಾಯರೇ, ಮಗಳನ್ನು ಮುಂದೆ ಬಿಡಿ, ನೀವು ಹಿಂದೆ ನಿಲ್ಲಿ.